ಮರಳು ದಿಬ್ಬದ ಮೊಟ್ಟೆಗಳ ಪರವಾಗಿ

  

ನಮ್ಮ ವೇದಿಕೆಯವರು ಕಾಲೇಜು ಆವರಣಗಳಲ್ಲಿ ಹಕ್ಕಿಗಳ ಪಟ್ಟಿ ಮಾಡುವುದು, ಹಾವು ಕಂಡರೆ ಬಡಿಯದೆ ಬಲ್ಲವರನ್ನು ಕರೆಸುವುದು, ಗೂಡಿರುವ ಮರ ಕಡಿಯದಂತೆ ಅರ್ಜಿ ಕೊಡುವುದು ಒಳ್ಳೆಯ ಕೆಲಸ, ನಡೆಯಲಿ. ಬೋನಾಳ ಕೆರೆಯ ಹಕ್ಕಿಗಳ ಬಗ್ಗೆ ನಾವೆಲ್ಲ ಹೆಮ್ಮೆಪಡುತ್ತೇವೆ, ಅದೂ ಸರಿ. ಇವತ್ತು ನಾನು ಮಾತಾಡಬೇಕಾದ್ದು ಕೃಷ್ಣೆಯ ಮರಳಿನ ಬಗ್ಗೆ, ಆ ಮರಳಲ್ಲಿ ಮೊಟ್ಟೆಯಿಡುವ ಜೀವಿಗಳ ಬಗ್ಗೆ.

ಮೊಸಳೆ ಬೇಸಿಗೆಯ ಆರಂಭದಲ್ಲಿ, ಫೆಬ್ರುವರಿಯಿಂದ ಏಪ್ರಿಲ್ ಒಳಗೆ, ಹೊಳೆಯ ದಡದಲ್ಲಿ ಗುಂಡಿ ತೋಡಿ 25-30 ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದೂ ಗೂಡಿನ ಬಿಸಿಯಿಂದಲೇ ತೀರ್ಮಾನವಾಗುತ್ತದೆ. ಹೊಳೆ ರೀವ ಹಕ್ಕಿಯದೂ ಇದೇ ಕಾಲ. ಅದು ಗೂಡು ಕಟ್ಟುವುದಿಲ್ಲ, ನಡುಗಡ್ಡೆಯ ಬರಿಮರಳಲ್ಲಿ ಕೆದರಿ ಎರಡು ಮೂರು ಮೊಟ್ಟೆ ಇಡುತ್ತದೆ. ನೀರು ಇಳಿದು ದಿಬ್ಬ ಎದ್ದಾಗಲೇ ಅವುಗಳ ಬಾಣಂತನ, ಆಗಲೇ ಮರಳು ತುಂಬುವ ಟ್ರ್ಯಾಕ್ಟರುಗಳೂ ಹೊಳೆಗೆ ಇಳಿಯುತ್ತವೆ. ರಾತ್ರಿಯ ಕತ್ತಲಲ್ಲಿ ಚಕ್ರದಡಿ ಏನು ಸಿಕ್ಕಿತೆಂದು ನೋಡುವವರು ಯಾರು? ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಬೇಸಿಗೆಯಲ್ಲಿ ಒಮ್ಮೆಲೇ ನೀರು ಬಿಟ್ಟರೆ ಉಳಿದ ಮೊಟ್ಟೆಗಳೂ ಮುಳುಗುತ್ತವೆ.

ಈ ಮರಳುಗಳ್ಳತನದ ಬಗ್ಗೆ ವರ್ಷಗಳಿಂದ ದೂರು ಕೊಟ್ಟಿದ್ದೇವೆ. ಒಂದು ಕಚೇರಿಯವರು ಪ್ರಾಣಿ ಮಾತ್ರ ನಮ್ಮದು ಅಂದರು, ಇನ್ನೊಂದು ಕಚೇರಿಯವರು ಮರಳು ಮಾತ್ರ ನಮ್ಮದು ಅಂದರು. ಮೂರನೆಯ ಕಡೆ ಅರ್ಜಿಗೆ ಸ್ವೀಕೃತಿಯೂ ಸಿಗಲಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಬಿಡಿಸಿ ನೋಡಿ. ಬೇಟೆ ಎಂದರೇನು ಎಂದು ಹೇಳುವಲ್ಲಿ ಹಕ್ಕಿಗಳ, ಸರೀಸೃಪಗಳ ಮೊಟ್ಟೆ ಹಾಳುಮಾಡುವುದು, ಮೊಟ್ಟೆಯನ್ನೋ ಗೂಡನ್ನೋ ಕದಲಿಸುವುದು ಕೂಡ ಬೇಟೆಯೇ ಎಂದಿದೆ. ಮೊಸಳೆ ಆ ಕಾಯ್ದೆಯ ಮೊದಲನೆಯ ಪಟ್ಟಿಯ ಪ್ರಾಣಿ. ಅದರ ಗೂಡಿನ ಮೇಲೆ ಟ್ರ್ಯಾಕ್ಟರ್ ಹಾಯಿಸಿದರೆ ಅದು ಬರೀ ಮರಳುಗಳ್ಳತನವಲ್ಲ, ಬೇಟೆ. ಇನ್ನು ಮುಂದೆ ದೂರನ್ನು ಹೀಗೆಯೇ ಬರೆಯೋಣ. ಮರಳಿನ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2012ರಲ್ಲಿ. ಮರಳಿನ ಕಾವಲಿಗೆ ಡ್ರೋನ್ ಬಳಸಿ ಎಂದು ಕೇಂದ್ರದ ಮಾರ್ಗಸೂಚಿ ಬಂದದ್ದು 2020ರಲ್ಲಿ. ಕಾನೂನಿಗೆ ಬರವಿಲ್ಲ, ಜಾರಿಗೆ ತರುವವರಿಗೆ ಬರ.

ನಮ್ಮೊಳಗಿನ ಜಗಳವನ್ನೂ ಹೇಳಿಯೇಬಿಡುತ್ತೇನೆ. "ಹಕ್ಕಿ ಎಣಿಸೋಣ, ಫೋಟೊ ಪ್ರದರ್ಶನ ಮಾಡೋಣ, ಮರಳಿನ ಗೊಡವೆ ಯಾಕ್ರಿ" ಎಂದು ಹಿಂದೊಂದು ಸಭೆಯಲ್ಲಿ ಕೆಲವು ಹಿರಿಯರು ಮರಳುಗಳ್ಳತನದ ವಿರುದ್ಧದ ಠರಾವನ್ನೇ ತಡೆದರು. ಟ್ರ್ಯಾಕ್ಟರ್ ಓಡಿಸುವವರು ನಮ್ಮೂರ ಹುಡುಗರು ಎಂಬ ಅವರ ಮಾತು ನಿಜ. ಅವರಿಗೆ ಬೇರೆ ದುಡಿಮೆ ಬೇಕು ಎಂಬುದೂ ನಿಜ. ಆದರೆ ಮರಳು ತೆಗೆದ ಗುಂಡಿ ನೀರು ತುಂಬಿದ ಮೇಲೆ ಕಾಣುವುದಿಲ್ಲ, ಅಲ್ಲಿ ಕಾಲಿಡುವ ಮಕ್ಕಳೂ ದನಗಳೂ ನಮ್ಮೂರಿನವೇ. ಆ ಠರಾವು ತಡೆದದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಈಗ ಆಗಬೇಕಾದ್ದು. ಮೊಟ್ಟೆಯಿಡುವ ದಿಬ್ಬಗಳನ್ನು ಜಿಲ್ಲೆಯ ಮರಳು ಸಮೀಕ್ಷಾ ವರದಿಯಲ್ಲಿ ಗುರುತಿಸಿ, ಫೆಬ್ರುವರಿಯಿಂದ ಜೂನ್‌ವರೆಗೆ ಅಲ್ಲಿ ಗಣಿಗಾರಿಕೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ನೀರು ಬಿಡುವ ಮುನ್ನ ಮೂರು ದಿನ ಮೊದಲು ಹೊಳೆದಂಡೆಯ ಪಂಚಾಯತಿಗಳಿಗೆ ತಿಳಿಸಬೇಕು, ಹಂತಹಂತವಾಗಿ ಬಿಡಬೇಕು. ಗೂಡು ಎಲ್ಲಿದೆ ಎಂದು ನಮಗಿಂತ ಹರಿಗೋಲಿನ ಅಂಬಿಗರಿಗೆ, ಮೀನುಗಾರರಿಗೆ ಗೊತ್ತು, ಅವರನ್ನೇ ಸಂಬಳ ಕೊಟ್ಟು ಕಾವಲಿಗೆ ನೇಮಿಸಬೇಕು. ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲಿ ಸಂರಕ್ಷಣಾ ಮೀಸಲು ಆಯಿತು. ನಾರಾಯಣಪುರದಿಂದ ತಿಂಥಣಿಯ ಮೌನೇಶ್ವರನ ಸನ್ನಿಧಿಯವರೆಗೆ ಕೃಷ್ಣೆಗೂ ಅಂಥದೊಂದು ಆಗಬೇಕೆಂಬುದು ನನ್ನ ಆಸೆ. ಈ ಹೊಳೆಯನ್ನೇ ಓದುವ ಒಂದು ಅಧ್ಯಯನ ಕೇಂದ್ರ ನಮ್ಮ ಭೀಮರಾಯನಗುಡಿ ಕೃಷಿ ಕಾಲೇಜಿನ ಆವರಣದಲ್ಲಿ ತೆರೆಯಲಿ ಎಂಬುದೂ ಆಸೆಯೇ.

ತಡೆಹಿಡಿದಿದ್ದ ಠರಾವನ್ನು ಇವತ್ತು ಮಧ್ಯಾಹ್ನ ಮತ್ತೆ ಮಂಡಿಸುತ್ತೇನೆ. ಹೊಳೆದಂಡೆಯ ಪ್ರತಿ ಊರಿನವರೂ ದಿಬ್ಬ ಕಾಯುವ ಇಬ್ಬರ ಹೆಸರು ಬರೆಸಿಯೇ ಊಟಕ್ಕೆ ಏಳಿರಿ.