ಎಲ್ಲರೂ ಬಳಸುವ ಬೀಗ, ನೋಡಿಕೊಳ್ಳುವವರು ಯಾರು?

ನಾನು ಪುಣೆಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇವತ್ತು ಮಾತಾಡೋದು ಓಪನ್‌ಎಸ್‌ಎಸ್‌ಎಲ್ ಬಗ್ಗೆ. ಅದರ ಹೆಸರೇ ಕೇಳದವರೂ ಒಂದಲ್ಲ ಒಂದು ಕಡೆ ಅದನ್ನು ಬಳಸಿಯೇ ಇರುತ್ತಾರೆ.

ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಅಂತ ನೋಡ್ತೀರಲ್ಲ, ಆ ಕೊನೆಯ ‘ಎಸ್’ ಹಿಂದೆ ಮೂರು ಕೆಲಸ ಇದೆ. ಆ ಕಡೆ ಇರೋದು ನಿಜವಾಗಿ ಅದೇ ಸೈಟಾ ಅಂತ ಸರ್ಟಿಫಿಕೇಟ್ ನೋಡಿ ಖಚಿತ ಮಾಡಿಕೊಳ್ಳೋದು. ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಕೀಲಿಯನ್ನು ತಯಾರಿಸಿಕೊಳ್ಳೋದು. ಆಮೇಲೆ ಹೋಗಿಬರುವ ಮಾಹಿತಿಯನ್ನೆಲ್ಲ ಆ ಕೀಲಿಯಿಂದ ಗೂಢಲಿಪಿಗೆ ತಿರುಗಿಸೋದು. ಈ ನಿಯಮಗಳಿಗೆ ಟಿಎಲ್‌ಎಸ್ ಅಂತ ಹೆಸರು, ಮೊದಲು ಎಸ್‌ಎಸ್‌ಎಲ್ ಅಂತಿತ್ತು. ಇದನ್ನು ಪ್ರತಿ ಕಂಪನಿಯೂ ತಾನೇ ಬರೆಯಲು ಹೋದರೆ ಎಡವಟ್ಟು ಖಂಡಿತ. ಹಾಗಾಗಿ ಸಿದ್ಧ ಲೈಬ್ರರಿ ಬೇಕು. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದಿದ್ದ ಹಳೆಯ ಕೋಡನ್ನು ಮುಂದುವರಿಸಿ 1998ರ ಡಿಸೆಂಬರಿನಲ್ಲಿ ಓಪನ್‌ಎಸ್‌ಎಸ್‌ಎಲ್ ಶುರುವಾಯಿತು. ಯಾರು ಬೇಕಾದರೂ ಓದಬಹುದು, ಪುಕ್ಕಟೆ ಬಳಸಬಹುದು.

ಹಾಗಾದರೆ ಓದಿದವರು ಎಷ್ಟು ಜನ? ಉತ್ತರ ಸಿಕ್ಕಿದ್ದು 2014ರ ಏಪ್ರಿಲ್ 7ರಂದು, ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ.

ಅದೇನು ಅಂತ ಹೇಳ್ತೀನಿ. ಸಂಪರ್ಕ ಜೀವಂತವಾಗಿದೆಯಾ ಅಂತ ತಿಳಿಯಲು ಒಂದು ಕಡೆಯವರು ಸಣ್ಣ ಸಂದೇಶ ಕಳಿಸ್ತಾರೆ, ಇನ್ನೊಂದು ಕಡೆಯವರು ಅದನ್ನೇ ವಾಪಸ್ ಕಳಿಸಬೇಕು. ಸಂದೇಶ ಎಷ್ಟು ಉದ್ದ ಅಂತಲೂ ಕಳಿಸುವವರೇ ಹೇಳ್ತಾರೆ. ಈಗ ನೀವು ಕಚೇರಿಯೊಂದರಲ್ಲಿ ಎರಡೇ ಸಾಲಿನ ಚೀಟಿ ಕೊಟ್ಟು, ‘ಇದರಲ್ಲಿ ಇನ್ನೂರು ಸಾಲಿದೆ, ನಕಲು ಮಾಡಿಕೊಡಿ’ ಅಂದಿರಿ ಅಂದುಕೊಳ್ಳಿ. ಗುಮಾಸ್ತ ಎಣಿಸಿ ನೋಡಲಿಲ್ಲ. ಎರಡು ಸಾಲು ಮುಗಿದ ಮೇಲೆ ಮೇಜಿನ ಮೇಲೆ ಪಕ್ಕದಲ್ಲಿದ್ದ ಬೇರೆಯವರ ಕಾಗದವನ್ನೂ ನಕಲು ಮಾಡಿ ಕೈಗಿಟ್ಟ. ಸರ್ವರ್ ಮಾಡಿದ್ದು ಇದನ್ನೇ. ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಮೆಮೊರಿ ಹೊರಗೆ ಹೋಗುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರಿನ ಖಾಸಗಿ ಕೀಲಿಯೇ ಇರಬಹುದು. ಸಾಮಾನ್ಯ ಲಾಗ್‌ನಲ್ಲಿ ಕುರುಹೂ ಉಳಿಯುತ್ತಿರಲಿಲ್ಲ.

ಈ ಕೋಡ್ 2012ರ ಮಾರ್ಚಿನಲ್ಲಿ 1.0.1 ಆವೃತ್ತಿಯ ಜೊತೆ ಬಂದಿತ್ತು. ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಕೊನೆಗೆ ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್‌ಲ್ಯಾಂಡಿನ ಕೊಡೆನೊಮಿಕಾನ್ ಕಂಪನಿಯ ಎಂಜಿನಿಯರುಗಳು ಬೇರೆಬೇರೆಯಾಗಿ ಕಂಡುಹಿಡಿದರು. ತಿದ್ದುಪಡಿ ಹಾಕಿದರೆ ಮುಗಿಯಲಿಲ್ಲ. ಕೀಲಿ ಹೊಸದು, ಸರ್ಟಿಫಿಕೇಟ್ ಹೊಸದು, ಪಾಸ್‌ವರ್ಡ್ ಹೊಸದು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು.

ನನಗೆ ಹೆಚ್ಚು ಕಾಡುವ ಸಂಗತಿ ಬೇರೆ. ಯೋಜನೆಯ ಹಣಕಾಸು ನೋಡುತ್ತಿದ್ದ ಸ್ಟೀವ್ ಮಾರ್ಕೆಸ್ ಆಗ ಲೆಕ್ಕ ಬಿಚ್ಚಿಟ್ಟರು: ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ದೊಡ್ಡ ದೊಡ್ಡ ಕಂಪನಿಗಳ ವ್ಯವಹಾರ ಈ ಕೋಡಿನ ಮೇಲೆ ನಿಂತಿತ್ತು. ತಪ್ಪು ಬರೆದವರನ್ನು ಬೈಯೋದು ಸುಲಭ. ಆದರೆ ಪರಿಶೀಲಿಸಲು ಇನ್ನೊಬ್ಬರಿಗೆ ಸಂಬಳ ಕೊಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲವಲ್ಲ?

ಆಮೇಲೆ ಎಚ್ಚರವಾಯಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳನ್ನು ಸೇರಿಸಿ ನಿಧಿ ಮಾಡಿತು. ಓಪನ್‌ಬಿಎಸ್‌ಡಿಯವರು ಲಿಬ್ರೆಎಸ್‌ಎಸ್‌ಎಲ್, ಗೂಗಲ್‌ನವರು ಬೋರಿಂಗ್‌ಎಸ್‌ಎಸ್‌ಎಲ್ ಅಂತ ಕವಲು ತೆಗೆದರು. ಓಪನ್‌ಎಸ್‌ಎಸ್‌ಎಲ್‌ಗೂ ಪೂರ್ಣಾವಧಿ ಕೆಲಸಗಾರರು ಬಂದರು, 2021ರಲ್ಲಿ 3.0 ಬಂತು, 2025ರ ಏಪ್ರಿಲ್‌ನ 3.5ರಲ್ಲಿ ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದಂಥ ಕ್ರಮವಿಧಿಗಳನ್ನು ಸೇರಿಸಿದ್ದಾರೆ.

ಮುಂಬೈ, ಚೆನ್ನೈ, ಹೈದರಾಬಾದ್ ಎಲ್ಲೇ ಇರಿ, ಐಟಿ ಕೆಲಸದಲ್ಲಿರುವ ನಮ್ಮವರಿಗೆ ಎರಡು ಮಾತು. ನಾಳೆ ಆಫೀಸಿನಲ್ಲಿ ‘ಓಪನ್‌ಎಸ್‌ಎಸ್‌ಎಲ್ ವರ್ಷನ್’ ಅಂತ ಕಮಾಂಡ್ ಕೊಟ್ಟು ನೋಡಿ. 1.1.1 ಅಂತ ಬಂದರೆ, ಯೋಜನೆಯವರು ಅದಕ್ಕೆ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದ ತಿದ್ದುಪಡಿಗಳು 2023ರ ಸೆಪ್ಟೆಂಬರ್ 11ಕ್ಕೇ ನಿಂತಿವೆ. ನಿಮಗೆ ಈಗ ಯಾರು ಕೊಡ್ತಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ಎರಡನೆಯದು, ನಿಮ್ಮ ಪ್ರಾಡಕ್ಟ್ ಯಾವ ಯಾವ ಪುಕ್ಕಟೆ ಲೈಬ್ರರಿಗಳ ಮೇಲೆ ನಿಂತಿದೆ ಅಂತ ಪಟ್ಟಿ ಮಾಡಿ, ಮುಂದಿನ ಬಜೆಟ್ ಸಭೆಯಲ್ಲಿ ಮೇಲಿನವರ ಮುಂದಿಡಿ. ಒಂದು ಲೈಬ್ರರಿಗಾದರೂ ಹಣ ಅಥವಾ ನಿಮ್ಮ ಎಂಜಿನಿಯರುಗಳ ಕೆಲವು ಗಂಟೆ ಸಿಗಲಿ.