ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ?

ಮಕ್ಕಳೇ, ಅಟ್ಲಾಸಿನಲ್ಲಿ ಕರ್ನಾಟಕದ ಭೂಪಟ ತೆಗೆದಿಡಿ. ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ ನೋಡಿ. ಅದು 13 ಡಿಗ್ರಿ ಉತ್ತರ ಅಕ್ಷಾಂಶ. ಹಾಗಾಗಿ ಇವೆರಡರ ನಡುವಿನ ನೇರ ದೂರ ತಿಳಿಯಲು ರೇಖಾಂಶಗಳ ವ್ಯತ್ಯಾಸ ಸಾಕು. ಬೆಂಗಳೂರಿನ ರೇಖಾಂಶ 77.59, ಮಂಗಳೂರಿನದು 74.86. ಕಳೆದರೆ 2.73 ಡಿಗ್ರಿ. ನಮ್ಮ ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108 ಕಿ.ಮೀ. ಗುಣಿಸಿ ನೋಡಿ: ಸುಮಾರು 295 ಕಿ.ಮೀ.

ಆದರೆ ಹೆದ್ದಾರಿಯಲ್ಲಿ ಹೋದರೆ ಸುಮಾರು 350 ಕಿ.ಮೀ. ಆಗುತ್ತದೆ. ಹೆಚ್ಚಿನ 55 ಕಿ.ಮೀ. ಎಲ್ಲಿಂದ ಬಂತು?

ಒಂದು ದಾರ ತೆಗೆದುಕೊಂಡು ಭೂಪಟದ ರಸ್ತೆಯ ಮೇಲೇ ಇಡುತ್ತಾ ಹೋಗಿ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ... ರಸ್ತೆ ಊರಿಂದೂರಿಗೆ ಹೊರಳುತ್ತದೆ, ದಾರವೂ ಜೊತೆಗೆ ಹೊರಳುತ್ತದೆ. ಈಗ ದಾರವನ್ನು ಎಳೆದು ನೇರ ಮಾಡಿ ಅಳತೆಪಟ್ಟಿಯ ಪಕ್ಕ ಹಿಡಿಯಿರಿ. ನೇರ ಗೆರೆಗಿಂತ ಅದು ಉದ್ದ! ಚಿಕ್ಕ ಭೂಪಟದಲ್ಲಿ ಸಣ್ಣ ತಿರುವುಗಳು ಕಾಣುವುದಿಲ್ಲ, ಆದ್ದರಿಂದ ಭೂಪಟದ ಮಾಪಕ ನೋಡಿ ಕಿ.ಮೀ.ಗೆ ಬದಲಿಸಿದಾಗ ನಿಮ್ಮ ಲೆಕ್ಕ 350ಕ್ಕಿಂತ ಕಡಿಮೆಯೇ ಬಂದೀತು.

ಸಕಲೇಶಪುರ ದಾಟಿದ ಮೇಲೆ ಬರುವುದು ಶಿರಾಡಿ ಘಾಟಿ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಮಂಗಳೂರು ಕಡಲ ಪಕ್ಕದಲ್ಲಿದೆ. ಈ ಇಳಿತದ ಬಹುಪಾಲು ಘಾಟಿಯ ಬುಡದ ಗುಂಡ್ಯ ತಲುಪುವಷ್ಟರಲ್ಲೇ, ಘಾಟಿ ರಸ್ತೆಯ ಸುಮಾರು 25 ಕಿ.ಮೀ. ಒಳಗೆ, ಮುಗಿಯುತ್ತದೆ. ಗುಡ್ಡ ಹತ್ತುವ ದನಗಳನ್ನು ನೋಡಿದ್ದೀರಾ? ಅವು ನೇರ ಏರದೆ ಓರೆಯಾಗಿ ಹೋಗುತ್ತವೆ. ದಾರಿ ಉದ್ದವಾದಷ್ಟೂ ಏರು ಸುಲಭ. ಘಾಟಿ ರಸ್ತೆಯ ತಿರುವುಗಳ ಗುಟ್ಟೂ ಅದೇ. ನೇರ ಇಳಿಸಿದ್ದರೆ ತುಂಬಿದ ಲಾರಿಯನ್ನು ಬ್ರೇಕು ತಡೆಯುತ್ತಿರಲಿಲ್ಲ.

ಈಗ ಸಮಯದ ಲೆಕ್ಕ. ಒಂದು ಕಾರು ಬಯಲಿನ 325 ಕಿ.ಮೀ. ದೂರವನ್ನು ಗಂಟೆಗೆ 65 ಕಿ.ಮೀ. ವೇಗದಲ್ಲಿ ಸಾಗಿತು ಎನ್ನೋಣ: 5 ಗಂಟೆ. ಘಾಟಿಯ 25 ಕಿ.ಮೀ. ದೂರವನ್ನು ಗಂಟೆಗೆ 25ರಂತೆ ಇಳಿಯಿತು: 1 ಗಂಟೆ. ಒಟ್ಟು 6 ಗಂಟೆ. ಘಾಟಿ ಇಡೀ ದಾರಿಯ 14ನೇ ಒಂದು ಪಾಲು ಮಾತ್ರ, ಆದರೆ ಅದು ತಿಂದದ್ದು ಸಮಯದ 6ನೇ ಒಂದು ಪಾಲು! ಸರಾಸರಿ ವೇಗ ಎಷ್ಟು? 65 ಮತ್ತು 25ನ್ನು ಕೂಡಿಸಿ ಅರ್ಧ ಮಾಡಿದರೆ 45 ಬರುತ್ತದೆ, ಅದು ತಪ್ಪು. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಬೇಕು: ಸುಮಾರು 58.

ವಿಮಾನಕ್ಕೆ ಘಾಟಿಯ ಹಂಗಿಲ್ಲ. ಗಂಟೆಗೆ 500 ಕಿ.ಮೀ. ವೇಗದಲ್ಲಿ ಹಾರಿದರೆ 300 ಕಿ.ಮೀ. ದಾಟಲು 36 ನಿಮಿಷ ಸಾಕು. ಆದರೂ ಟಿಕೆಟ್ಟಿನಲ್ಲಿ ಒಂದು ಗಂಟೆಯ ಆಸುಪಾಸು ಬರೆದಿರುತ್ತದೆ. ಏಕೆಂದರೆ ವಿಮಾನ ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಮೇಲೇರಬೇಕು, ಇಳಿಯುವ ಮುನ್ನ ವೇಗ ತಗ್ಗಿಸಬೇಕು. ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರಿ ಇಳಿಯುವುದರಿಂದ ಒಮ್ಮೊಮ್ಮೆ ಸುತ್ತಿಯೂ ಬರಬೇಕು.

ಇನ್ನು ದೇವನಹಳ್ಳಿ ಬಳಿಯ ನಿಲ್ದಾಣಕ್ಕೆ ಹೋಗುವ, ತಪಾಸಣೆಗೆ ಕಾಯುವ, ಬಜಪೆಯ ನಿಲ್ದಾಣದಿಂದ ಮಂಗಳೂರು ಪೇಟೆಗೆ ಬರುವ ಹೊತ್ತನ್ನೂ ಕೂಡಿಸಿ. ನಾಲ್ಕು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಪ್ರಯಾಣದ ಲೆಕ್ಕ ಹಾಕುವಾಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹಾಕಿ. ಮುಂದಿನ ರಜೆಯಲ್ಲಿ ಅಜ್ಜಿಯ ಊರಿಗೆ ಹೊರಡುವ ಮೊದಲು ದಾರ, ಅಳತೆಪಟ್ಟಿ ಹಿಡಿದು ನಿಮ್ಮ ಲೆಕ್ಕ ಬರೆದಿಟ್ಟುಕೊಳ್ಳಿ. ತಲುಪಿದ ಮೇಲೆ ಗಡಿಯಾರ ನೋಡಿ ತಾಳೆ ಹಾಕಿ. ವ್ಯತ್ಯಾಸ ಬಂದರೆ, ದಾರಿಯಲ್ಲಿ ಯಾವ ತುಂಡು ಸಮಯ ತಿಂದಿತು ಎಂದು ಹುಡುಕಿ.