ಡೆಪ್ಯುಟಿ ಚನ್ನಬಸಪ್ಪನವರು



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಾವು ಶಾಲೆಯ ಕನ್ನಡಕ್ಕಾಗಿ ಹೋರಾಡಿದವರಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದವರಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿ ಕನ್ನಡದ ಮಕ್ಕಳು ಶಾಲೆಯಲ್ಲಿ ಕಲಿಯುತ್ತಿದ್ದುದು ಮರಾಠಿಯನ್ನು. ಪುಣೆಯಲ್ಲಿ ಓದಿ ಬಂದ ಚನ್ನಬಸಪ್ಪನವರು ವಿದ್ಯಾಧಿಕಾರಿ ರಸೆಲ್ ಸಾಹೇಬರೊಡನೆ ಕನ್ನಡ ಶಾಲೆಗಳಿಗಾಗಿ ದುಡಿದರು. ಆದರೆ ಸರಕಾರದ ಅಪ್ಪಣೆಯೊಂದರಿಂದಲೇ ಶಾಲೆ ನಡೆದೀತೆ? ಕಲಿಸುವವನೆಲ್ಲಿ? ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಅವರು ಕನ್ನಡ ಮಾಸ್ತರರನ್ನೇ ತಯಾರಿಸತೊಡಗಿದರು. 1871ರಲ್ಲಿ ಷೇಕ್ಸ್‌ಪಿಯರನನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಕ್ಕೆ ತಂದವರೂ ಇವರೇ. ಡೆಪ್ಯುಟಿ ಇನ್‌ಸ್ಪೆಕ್ಟರರಾದ ಬಳಿಕ ಹುದ್ದೆಯೇ ಹೆಸರಿಗೆ ಅಂಟಿಕೊಂಡಿತು; ಸರಕಾರ ಕೊಟ್ಟ ಹುದ್ದೆಯನ್ನು ಜನರು ಬಿರುದಾಗಿಸಿದ್ದು ನಮಗಂತೂ ಅಪರೂಪವೆನಿಸುತ್ತದೆ. 1881ರಲ್ಲಿ ಅವರು ತೀರಿಕೊಂಡಾಗ ಏಕೀಕರಣಕ್ಕೆ ಇನ್ನೂ 75 ವರ್ಷಗಳಿದ್ದವು. ಅವರು ಕಲಿಸಿದ ಮಾಸ್ತರರು ಆಗಲೇ ಕನ್ನಡ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದರು.